ಕಮ್ಮಾರ ಪ್ರಾಸ್ಪರ್ ಕಾಣೆಯಾದ ವಾರ

ಗುರುವಾರ ಬೆಳಿಗ್ಗೆ ಕುಲುಮೆಯಿಂದ ಹೊಗೆ ಏಳಲಿಲ್ಲ. ಫೆರಿಸ್ ಬೆಂಡ್ ಊರಿನವರಿಗೆ ಏನೋ ಕೆಟ್ಟದ್ದಾಗಿದೆ ಎಂದು ಗೊತ್ತಾಗಲು ಅಷ್ಟೇ ಸಾಕಾಯಿತು. ಆರು ವರ್ಷಗಳಲ್ಲಿ ಪ್ರಾಸ್ಪರ್ ವೇಡ್ ಭಾನುವಾರ ಬಿಟ್ಟರೆ ಒಂದು ದಿನವೂ ಬೆಂಕಿ ಹಚ್ಚದೆ ಇದ್ದವನಲ್ಲ.

ನಾನು ಹೋಗುವ ಹೊತ್ತಿಗೆ ಅವನ ಹೆಂಡತಿ ಕೆಜಾಯ ಹೊಸ್ತಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಗಂಡನ ಒಂದು ಬೂಟು ಇತ್ತು. ಇನ್ನೊಂದು ಎಲ್ಲೂ ಇರಲಿಲ್ಲ.

“ಹೊತ್ಕೊಂಡು ಹೋಗ್ಬಿಟ್ರು ಶೆರೀಫ್ರೇ,” ಎಂದಳು. “ನದಿ ದಾಟಿಸಿಬಿಟ್ರು.”

“ನೀನು ನೋಡಿದ್ಯಾ?”

“ನಾನೆಲ್ಲಿ ನೋಡ್ಲಿ? ನಿನ್ನೆ ಸಂಜೆ ಜರ್ಮನ್ ರೈತನ ಹೆಂಡ್ತಿಗೆ ನೋವು ಶುರುವಾಯ್ತು ಅಂತ ಕರೆಯೋಕೆ ಬಂದ್ರು. ಮಗು ಹುಟ್ಟೋಷ್ಟರಲ್ಲಿ ಬೆಳಕು ಹರೀತು. ಬಂದು ನೋಡ್ತೀನಿ, ಬಾಗ್ಲು ತೆರೆದಿದೆ.”

ಆ ಸುತ್ತಿನಲ್ಲೆಲ್ಲ ಅವಳೇ ಸೂಲಗಿತ್ತಿ. ಬಿಳಿಯರ ಮನೆಯ ಮಕ್ಕಳೂ ಅವಳ ಕೈಗೇ ಬೀಳುತ್ತಿದ್ದವು.

ಬಾಗಿಲು ನೋಡಿದೆ. ಚಿಲಕ ಮುರಿದಿರಲಿಲ್ಲ. ಚೌಕಟ್ಟಿನ ಮೇಲೆ ತಲೆಯೆತ್ತರದಲ್ಲಿ ರಕ್ತ ಒಣಗಿತ್ತು. ಅಂದರೆ ಪ್ರಾಸ್ಪರನೇ ಬಾಗಿಲು ತೆಗೆದಿದ್ದಾನೆ. ತೆಗೆದ ಮೇಲೆ ಪೆಟ್ಟು ಬಿದ್ದಿದೆ.

“ಕತ್ತಲಾದ ಮೇಲೆ ಯಾರಿಗೆ ಬಾಗಿಲು ತೆಗೀತಿದ್ದ?”

“ಯಾರಿಗೂ ಇಲ್ಲ. ದೇವರೇ ಬಂದು ತಟ್ಟಿದ್ರೂ ಕಿಟಕಿಯಿಂದಾನೇ ಮಾತಾಡ್ಸಿ ಕಳಿಸ್ತಿದ್ದ.”

“ಬಿಡುಗಡೆ ಪತ್ರ?”

ಅವಳು ಕುಲುಮೆಯ ತಿದಿಯ ಹಿಂದಿನ ಗೂಡಿನಿಂದ ತಗಡಿನ ಡಬ್ಬಿ ತಂದಳು. ಬೀಗ ಹಾಕಿತ್ತು. ಅವಳ ಬಳಿ ಇದ್ದ ಕೀಲಿಕೈಯಿಂದ ತೆಗೆದಳು. ಒಳಗೆ ಏನೂ ಇರಲಿಲ್ಲ.

 ಓಹಾಯೋ ನದಿಯ ಈಚೆ ದಡದ ಇಲಿನಾಯ್‌ನಲ್ಲಿ ಆ ಕಾಗದವಿದ್ದರೆ, ಒಂದು ಕಾಲದ ಗುಲಾಮ ಪ್ರಾಸ್ಪರ್ ಸ್ವತಂತ್ರ ಮನುಷ್ಯ. ಆಚೆ ದಡ ಕೆಂಟಕಿ. ಕಾಗದವಿಲ್ಲದ ಕರಿಯ ಅಲ್ಲಿ ಯಾರ ಕೈಗೆ ಸಿಕ್ಕರೆ ಅವರ ಸೊತ್ತು.

ಕಳ್ಳರಾಗಿದ್ದರೆ ಡಬ್ಬಿಯನ್ನು ಒಡೆಯುತ್ತಿದ್ದರು, ಇಲ್ಲವೇ ಹೊತ್ತೊಯ್ಯುತ್ತಿದ್ದರು. ಕಾಗದ ತೆಗೆದು, ಮತ್ತೆ ಬೀಗ ಹಾಕಿ, ಅದೇ ಗೂಡಿನಲ್ಲಿ ಇಟ್ಟವನು ಪ್ರಾಸ್ಪರ್ ಒಬ್ಬನೇ ಆಗಿರಬೇಕು. ಯಾರೋ ಕೇಳಿದ್ದಾರೆ. ಇವನು ನಂಬಿ ತೆಗೆದಿಟ್ಟುಕೊಂಡಿದ್ದಾನೆ.

ನದಿಯಂಚಿನ ಪೊದೆಯಲ್ಲಿ ಒಂದು ಉಪ್ಪಿನ ಚೀಲ ಸಿಕ್ಕಿತು. ಅದಕ್ಕೂ ರಕ್ತ ಹತ್ತಿತ್ತು. ಮೇಲೆ ಕರ್ನಲ್ ಬ್ಯಾನಿಸ್ಟರ್‌ನ ಉಪ್ಪಿನ ಭಟ್ಟಿಯ ಮುದ್ರೆ.

* * *

ಸಾವಿರದ ಎಂಟುನೂರ ಇಪ್ಪತ್ನಾಲ್ಕರ ಆ ಬೇಸಿಗೆಯಲ್ಲಿ ಊರು ಎರಡು ಹೋಳಾಗಿತ್ತು. ಸೋಮವಾರ ಮತದಾನ. ಸಂವಿಧಾನ ತಿದ್ದುವ ಸಭೆ ಸೇರಬೇಕೋ ಬೇಡವೋ ಎಂಬುದು ಬಾಯಿಮಾತಿನ ಪ್ರಶ್ನೆ. ಇಲಿನಾಯ್‌ಗೆ ಗುಲಾಮಗಿರಿ ಬೇಕೋ ಬೇಡವೋ ಎಂಬುದು ನಿಜವಾದ ಪ್ರಶ್ನೆ. ಬೇಕು ಎನ್ನುವವರಿಗೆ ಬ್ಯಾನಿಸ್ಟರ್ ಮುಖಂಡ. ಬೇಡ ಎನ್ನುವವರಿಗೆ ವಕೀಲ ಲೆಮುಯೆಲ್ ಥೇಯರ್.

ಥೇಯರ್ ನನ್ನ ಗೆಳೆಯ, ನನ್ನನ್ನು ಆಸಾ ಎಂದು ಹೆಸರು ಹಿಡಿದು ಕರೆಯುವವನು. ನಾನೂ ‘ಬೇಡ’ದವನೇ. ಕೆಂಟಕಿಯಲ್ಲಿ ನನ್ನಪ್ಪನ ಹೊಲದಲ್ಲಿ ಹನ್ನೊಂದು ಜನ ಗುಲಾಮರಿದ್ದರು. ಅವರ ಬೆವರಿನ ಅನ್ನ ತಿಂದು ಬೆಳೆದವನು ನಾನು. ಆ ಪಾಪ ತೊಳೆದುಕೊಳ್ಳಲು ನದಿ ದಾಟಿ ಬಂದಿದ್ದೆ ಎಂದು ನನ್ನ ಎಣಿಕೆ.

ಚೀಲ ಹಿಡಿದು ಬ್ಯಾನಿಸ್ಟರ್‌ನ ಭಟ್ಟಿಗೆ ಹೋದೆ. ದೊಡ್ಡ ಕಡಾಯಿಗಳಲ್ಲಿ ಉಪ್ಪುನೀರು ಕೊತಕೊತ ಕುದಿಯುತ್ತಿತ್ತು. ಅವನು ನೆರಳಲ್ಲಿ ಕೂತು ಹಂದಿಮಾಂಸ, ಮೆಕ್ಕೆಜೋಳದ ರೊಟ್ಟಿ ತಿನ್ನುತ್ತಿದ್ದ.

“ಬನ್ರೀ ಶೆರೀಫ್. ಊಟಕ್ಕೋ, ಹಿಡ್ಕೊಂಡು ಹೋಗೋಕೋ?”

“ಈ ಚೀಲ ನಿಮ್ಮದು.”

“ನನ್ನ ಚೀಲ ನಿಮ್ಮ ಮನೇಲೂ ನಾಲ್ಕಿರ್ತಾವೆ. ಪಾದ್ರಿ ಮನೇಲಿ ಆರು. ಎಲ್ಲರ್ನೂ ಹಿಡ್ಕೊಳ್ತೀರಾ?”

“ಪ್ರಾಸ್ಪರ್ ಜೊತೆ ಹೋದ ತಿಂಗಳು ಜಗಳ ಆಡಿದ್ರಿ.”

“ಆಡಿದೆ. ಕರಿಯ ನನ್ನೆದುರು ಟೊಪ್ಪಿ ತೆಗೀಲಿಲ್ಲ. ಬೈದೆ. ಮಾರನೇ ದಿನ ನನ್ನ ಮೂರು ಕಡಾಯಿ ರಿಪೇರಿಗೆ ಅವನ ಹತ್ರಾನೇ ಕಳಿಸ್ದೆ.” ಬೆರಳು ನೆಕ್ಕಿಕೊಂಡು ಮುಂದಕ್ಕೆ ಬಾಗಿದ. “ಕೇಳ್ರೀ. ನಾನು ದುಷ್ಟ, ಒಪ್ಪೋಣ. ಪೆದ್ದ ಅಲ್ಲ. ಮತದಾನಕ್ಕೆ ನಾಲ್ಕು ದಿನ ಇರುವಾಗ ಊರೆಲ್ಲ ಮರುಗೋ ಹಾಗೆ ಒಬ್ಬ ಒಳ್ಳೇ ಕಮ್ಮಾರನ್ನ ನಾನೇ ಹೊತ್ತು ಹಾಕಿಸ್ತೀನಾ? ನಮ್ಮ ಕಡೆಯೋರು ಹತ್ತು ಜನ ಬೆಳಿಗ್ಗೆಯಿಂದ ನನ್ನ ಮುಖ ನೋಡ್ತಿಲ್ಲ. ಇದರಿಂದ ಲಾಭ ಯಾರಿಗೆ ಅಂತ ಹೋಗಿ ನೋಡಿ.”

ಅವನ ಮಾತು ನನಗೆ ಹಿಡಿಸಲಿಲ್ಲ. ಅವನು ನನಗೆ ಹಿಡಿಸದ ಮನುಷ್ಯ. ಹಾಗಾಗಿ ಆ ಮಾತನ್ನು ಅಲ್ಲೇ ಬಿಟ್ಟು ಬಂದೆ.

* * *

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಊರಿನ ಗೋಡೆ ಮರಗಳ ಮೇಲೆಲ್ಲ ಥೇಯರ್‌ನ ಕರಪತ್ರ. ‘ಸ್ವತಂತ್ರ ಮನುಷ್ಯನ ಅಪಹರಣ!’ ಓದಿದವರ ಕಣ್ಣಲ್ಲಿ ನೀರು. ಎರಡು ಮನಸ್ಸಿನಲ್ಲಿದ್ದ ರೈತರು ಗುಂಪುಗುಂಪಾಗಿ ಈ ಕಡೆ ವಾಲಿದರು. ನಾನೂ ಒಂದನ್ನು ಕೈಯಾರೆ ನ್ಯಾಯಾಲಯದ ಬಾಗಿಲಿಗೆ ಮೊಳೆ ಹೊಡೆದು ಹಚ್ಚಿದೆ.

ಶನಿವಾರ ಬೆಳಿಗ್ಗೆ ಅದನ್ನೇ ಕೆಜಾಯಳಿಗೆ ಓದಿ ಹೇಳಲು ಹೋದೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಧೈರ್ಯ ಬಂದೀತು ಎಂದುಕೊಂಡಿದ್ದೆ.

“‘ದುರುಳರು ಅವನನ್ನು ಹೆಂಡತಿಯ ತೋಳುಗಳಿಂದ ಕಿತ್ತುಕೊಂಡರು. ಆಕೆಯ ಆಕ್ರಂದನಕ್ಕೆ...’”

“ತಡೀರಿ,” ಎಂದಳು ಕೆಜಾಯ. “ನಾನು ಮನೇಲೇ ಇರಲಿಲ್ವಲ್ಲ.”

“ವಕೀಲರು ಭಾಷಣ ಮಾಡೋರು. ಸ್ವಲ್ಪ ಬಣ್ಣ ಹಚ್ಚಿದ್ದಾರೆ.”

“ಅವರಿಗೆ ಗೊತ್ತಿದೆ ಶೆರೀಫ್ರೇ. ಗುರುವಾರ ಬೆಳಿಗ್ಗೆ ಮೊದಲು ಓಡಿದ್ದು ಅವರ ಮನೆಗೇ. ಹೆರಿಗೆಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿದ್ದೀನಿ. ಇದ್ದದ್ದನ್ನ ಬರೆದ್ರೆ ಸಾಕಿರಲಿಲ್ವಾ? ನನ್ನ ಯಾಕೆ ಸುಳ್ಳುಗಾತಿ ಮಾಡ್ಬೇಕು?”

ಕಾಗದ ಮಡಚಿ ಎದ್ದೆ. 

ಊರಿನಲ್ಲಿ ಮುದ್ರಣಾಲಯ ಇರಲಿಲ್ಲ. ಅದು ಇದ್ದದ್ದು ಒಂದು ದಿನದ ಕುದುರೆ ದಾರಿಯಲ್ಲಿ. ಅಂಚೆ ಸವಾರ ಸ್ಕಗ್ಸ್ ಹೋಟೆಲಿನ ಮುಂದೆ ಕುದುರೆಗೆ ನೀರು ಕುಡಿಸುತ್ತಿದ್ದ.

“ಕರಪತ್ರದ ಕಟ್ಟು ತಂದದ್ದು ನೀನೇನಾ?”

“ನಾನೇ. ನಿನ್ನೆ ಬಂದದ್ದು.”

“ಅದರ ಕೈಬರಹ ಯಾರು ಒಯ್ದರು?”

“ಅದೂ ನಾನೇ. ವಕೀಲರು ಲಕೋಟೆ ಕೊಟ್ರು, ಮುದ್ರಣಾಲಯಕ್ಕೆ ಕೊಟ್ಟೆ.”

“ಯಾವತ್ತು?”

ಸ್ಕಗ್ಸ್ ನಕ್ಕ. “ಸಾಹೇಬ್ರೇ, ಸೋಮವಾರ ಹೋಗೋದು, ಶುಕ್ರವಾರ ಬರೋದು. ಹತ್ತು ವರ್ಷದಿಂದ ಅದೇ. ಬೇಕಾದ್ರೆ ಕುದುರೇನ ಕೇಳಿ.”

ಸೋಮವಾರ ಬರೆದದ್ದು. ಪ್ರಾಸ್ಪರ್‌ನನ್ನು ಹೊತ್ತೊಯ್ದದ್ದು ಬುಧವಾರ.

* * *

ಥೇಯರ್ ತನ್ನ ಕಚೇರಿಯಲ್ಲಿ ಭಾನುವಾರದ ಭಾಷಣ ಬರೆಯುತ್ತಿದ್ದ. ನಾನು ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತೆ.

“ಲೆಮುಯೆಲ್, ಆರು ವರ್ಷದ ಹಿಂದೆ ಪ್ರಾಸ್ಪರ್‌ನ ಬಿಡುಗಡೆ ಪತ್ರ ನೋಂದಾಯಿಸಿದ್ದು ನೀನು. ಕತ್ತಲಲ್ಲಿ ಅವನು ಬಾಗಿಲು ತೆಗೆಯೋ ಒಂದೇ ದನಿ ನಿನ್ನದು. ಕಾಗದ ತೆಗೆದಿಡು ಅಂತ ಕೇಳಿದರೆ ಅವನು ಕೊಡೋದೂ ನಿನಗೆ ಮಾತ್ರ. ಇಷ್ಟು ನನಗೆ ಗುರುವಾರಾನೇ ಹೊಳೀಬೇಕಿತ್ತು. ನಿನ್ನ ಮೇಲಿನ ವಿಶ್ವಾಸ ಕಣ್ಣು ಕಟ್ಟಿತ್ತು.”

ಅವನು ಲೇಖನಿ ಕೆಳಗಿಟ್ಟ.

“ನೀನು ಕರಪತ್ರ ಸೋಮವಾರ ಬರೆದೆ. ಬುಧವಾರ ಕೆಜಾಯ ಮನೇಲೇ ಇರ್ತಾಳೆ ಅಂದ್ಕೊಂಡು ಬರೆದೆ. ಜರ್ಮನ್ ರೈತನ ಮಗು ನಿನ್ನ ಲೆಕ್ಕ ತಪ್ಪಿಸಿತು. ಅಷ್ಟರಲ್ಲಿ ಅಚ್ಚಾಗಿ ಹೋಗಿತ್ತು, ತಿದ್ದೋಕೆ ಆಗಲಿಲ್ಲ.”

ಅವನು ಬರೆಯುತ್ತಿದ್ದ ಹಾಳೆಯನ್ನು ಮಗುಚಿಟ್ಟ. ಆಮೇಲೆ ನಿಧಾನಕ್ಕೆ ಹೇಳಿದ.

“ನಾವು ಸೋಲ್ತಾ ಇದ್ವಿ ಆಸಾ. ನೂರು ಭಾಷಣ ಮಾಡಿದೆ. ಯಾರ ಮನಸ್ಸೂ ಕರಗಲಿಲ್ಲ. ಪರಿಚಯದ ಮುಖ ಒಂದು ಬೇಕಿತ್ತು. ಪ್ರಾಸ್ಪರ್‌ನ ನೋಡದ ರೈತ ಈ ಕೌಂಟೀಲಿ ಇಲ್ಲ.”

“ಎಲ್ಲಿದ್ದಾನೆ?”

“ಕ್ಷೇಮವಾಗಿದ್ದಾನೆ. ಆಚೆ ದಡದಲ್ಲಿ, ದೋಣಿ ಕಡವಿನಿಂದ ಮೂರು ಮೈಲಿ, ಒಂದು ಹಳೇ ಕೊಟ್ಟಿಗೆ. ಇಬ್ಬರು ಕಾವಲಿದ್ದಾರೆ. ಮಂಗಳವಾರ ಬಿಡಿಸ್ಕೊಂಡು ಬರೋದು ಅಂತ ಮಾತು. ಅವನ ಕಾಗದ ಇಲ್ಲೇ ಇದೆ, ನೋಡು.” ಮೇಜಿನ ಖಾನೆಯಿಂದ ತೆಗೆದು ತೋರಿಸಿದ. “ಹೊಡೀಬೇಡಿ ಅಂದಿದ್ದೆ. ಹೊಡೆದರು.”

“ಏಳು. ಈಗಲೇ ಹೋಗೋಣ.”

“ಹೋಗು. ಕರ್ಕೊಂಡು ಬಾ. ನಾಳೆ ಚರ್ಚಿನ ಮುಂದೆ ಪ್ರಾಸ್ಪರ್ ಮೊದಲು ಯಾರ ಹೆಸರು ಹೇಳ್ತಾನೆ? ನನ್ನದು. ಬ್ಯಾನಿಸ್ಟರ್ ಆ ಹೆಸರನ್ನ ಹಳ್ಳಿಹಳ್ಳಿಗೂ ಕುದುರೆ ಮೇಲೆ ಕಳಿಸ್ತಾನೆ. ಸೋಮವಾರ ಅವರು ಗೆಲ್ತಾರೆ. ಆಮೇಲೆ ಈ ರಾಜ್ಯದಲ್ಲಿ ಹುಟ್ಟೋ ಪ್ರತಿಯೊಂದು ಕರಿಯ ಕೂಸಿನ ಕಾಲಿಗೂ ಸರಪಳಿ. ಒಬ್ಬನ ಮೂರು ದಿನ ಒಂದು ಕಡೆ, ಅದು ಒಂದು ಕಡೆ. ನೀನೇ ತೂಗಿ ನೋಡು.”

ನಾನು ತೂಗಿದೆ. ಯಾವ ಹಕ್ಕಿನಿಂದ ಎಂದು ಆಗ ಕೇಳಿಕೊಳ್ಳಲಿಲ್ಲ.

ಬಾಗಿಲು ತೆಗೆದು ಹೊರಗೆ ಬಂದೆ. ಕಡವಿನ ಕಡೆ ಹೋಗಲಿಲ್ಲ. ಮನೆಗೆ ಹೋದೆ.

* * *

ಸೋಮವಾರ ಮತದಾನ ಶಾಂತವಾಗಿ ನಡೆಯಿತು. ನಮ್ಮ ಕೌಂಟಿಯಲ್ಲಿ ‘ಬೇಡ’ ಗೆದ್ದಿತು.

ಮಂಗಳವಾರ ಬೆಳಗಾಗುತ್ತಲೇ ಥೇಯರ್‌ನನ್ನು ಕರೆದುಕೊಂಡು ನದಿ ದಾಟಿದೆ. ಅವನ ಜೇಬಿನಲ್ಲಿ ಬಿಡುಗಡೆ ಪತ್ರ. ದಾರಿಯುದ್ದಕ್ಕೂ ಪ್ರಾಸ್ಪರ್‌ಗೆ ಏನು ಹೇಳಿ ಸಮಾಧಾನ ಮಾಡಬೇಕೆಂದು ಗೊಣಗಿಕೊಳ್ಳುತ್ತಿದ್ದ.

ಕೊಟ್ಟಿಗೆ ಖಾಲಿ. ಕಂಬದ ಬುಡದಲ್ಲಿ ಕತ್ತರಿಸಿದ ಹಗ್ಗ.

ಪಕ್ಕದ ಹೊಲದಲ್ಲಿ ಒಬ್ಬ ಮುದುಕಿ ಹುರುಳಿಕಾಯಿ ಕೀಳುತ್ತಿದ್ದಳು.

“ಆ ಕರಿಯನಾ? ದಕ್ಷಿಣಕ್ಕೆ ಹೋಗೋ ದೋಣಿ ಒಂದು ಬಂತು. ಕಾವಲಿಗಿದ್ದೋರೇ ಹತ್ತಿಸಿಬಿಟ್ರು. ನ್ಯಾಚೆಜ್ ಊರಿನ ಗುಲಾಮರ ಪೇಟೇಲಿ ಕಮ್ಮಾರರಿಗೆ ಒಳ್ಳೇ ಬೆಲೆ ಅಂತ ಮಾತಾಡ್ಕೊಳ್ತಿದ್ರು.”

“ಯಾವತ್ತು?” ಎಂದೆ.

“ಭಾನುವಾರ. ಮಧ್ಯಾಹ್ನದ ತನಕ ಇಲ್ಲೇ ಇದ್ದ ಪಾಪ. ನೀರು ಕೇಳಿದ, ನಾನೇ ಕೊಟ್ಟೆ. ತನಗೊಬ್ಬ ವಕೀಲರಿದ್ದಾರೆ, ಬಂದೇ ಬರ್ತಾರೆ ಅಂತಿದ್ದ.”

ಥೇಯರ್ ನೆಲದ ಮೇಲೆ ಕುಸಿದ. ಮಕ್ಕಳ ಹಾಗೆ ಅತ್ತ. ನಾನು ಅವನನ್ನು ಎಬ್ಬಿಸಲಿಲ್ಲ. ಅವನ ಜೇಬಿನಿಂದ ಕಾಗದ ಮಾತ್ರ ತೆಗೆದುಕೊಂಡೆ.

* * *

ನಾವು ವಾಪಸು ಬಂದಾಗ ನ್ಯಾಯಾಲಯದ ಮುಂದೆ ಗೆಲುವಿನ ಸಂಭ್ರಮ. ವಿಸ್ಕಿ ಪೀಪಾಯಿ ಒಡೆದಿದ್ದರು. ಥೇಯರ್‌ನನ್ನು ಕಂಡವರೇ ಹೆಗಲ ಮೇಲೆ ಎತ್ತಿಕೊಳ್ಳಲು ಓಡಿ ಬಂದರು.

“ಅವನನ್ನ ಮುಟ್ಟಬೇಡಿ,” ಎಂದೆ. “ನಾನು ಹಿಡಿದು ತಂದಿರೋ ಅಪರಾಧಿ ಅವನು.”

ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ಮುರಿಯದ ಚಿಲಕ, ಬೀಗ ಹಾಕಿದ ಡಬ್ಬಿ, ಬ್ಯಾನಿಸ್ಟರ್ ಮೇಲೆ ಅನುಮಾನ ಬರಲೆಂದು ಎಸೆದ ಉಪ್ಪಿನ ಚೀಲ, ಸೋಮವಾರದ ಕೈಬರಹ, ಮನೆಯಲ್ಲಿಲ್ಲದ ಹೆಂಡತಿಯ ಆಕ್ರಂದನ. ಕರಿಯರು ಬಿಳಿಯರ ವಿರುದ್ಧ ಸಾಕ್ಷಿ ಹೇಳುವಂತಿಲ್ಲ ಎಂಬುದು ನಮ್ಮ ರಾಜ್ಯದ ಕಾನೂನು. ನಾನು ಹೇಳದಿದ್ದರೆ ಹೇಳುವವರಿರಲಿಲ್ಲ. ಥೇಯರ್ ಒಂದನ್ನೂ ಅಲ್ಲಗಳೆಯಲಿಲ್ಲ. ಬ್ಯಾನಿಸ್ಟರ್ ದೂರದಲ್ಲಿ ಕುದುರೆ ಮೇಲೆ ಕೂತು ಟೊಪ್ಪಿ ಎತ್ತಿ ನನಗೆ ವಂದಿಸಿದ. ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು.

ಗುಂಪು ಎರಡಾಗಿ ದಾರಿ ಬಿಟ್ಟಿತು. ಕೆಜಾಯ ಮೆಟ್ಟಿಲ ಬುಡಕ್ಕೆ ಬಂದು ನಿಂತಳು. ಥೇಯರ್‌ನ ಕಡೆ ತಿರುಗಿಯೂ ನೋಡಲಿಲ್ಲ.

“ಇದು ನಿಮಗೆ ಯಾವತ್ತು ಗೊತ್ತಾಯ್ತು ಶೆರೀಫ್ರೇ?”

ಇವತ್ತು ಬೆಳಿಗ್ಗೆ ಎನ್ನಬಹುದಿತ್ತು. ಸುಳ್ಳೆಂದು ಗೊತ್ತಿದ್ದವನು ಥೇಯರ್ ಒಬ್ಬನೇ. ಅವನು ತುಟಿ ಬಿಚ್ಚುತ್ತಿರಲಿಲ್ಲ.

“ಶನಿವಾರ,” ಎಂದೆ.

“ಅವನು ಎಲ್ಲಿದ್ದಾನೆ ಅನ್ನೋದು?”

“ಅದೂ ಶನಿವಾರವೇ.”

ಅವಳು ತಲೆಯಾಡಿಸಿದಳು, ಯಾರೋ ದಾರಿ ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವವರ ಹಾಗೆ.

“ಭಾನುವಾರ ಚರ್ಚಿನಲ್ಲಿ ನನ್ನ ಕೈ ಹಿಡ್ಕೊಂಡ್ರಿ. ಸಿಗ್ತಾನೆ ತಾಯಿ, ನಂಬಿಕೆ ಇಡು ಅಂದ್ರಿ. ನಿಮ್ಮ ಕೈ ನಡುಗ್ತಿತ್ತು. ನನ್ನ ದುಃಖಕ್ಕೆ ನಡುಗ್ತಿದೆ ಅಂದ್ಕೊಂಡೆ.”

* * *

ಥೇಯರ್‌ಗೆ ದಂಡವಾಯಿತು, ವಕೀಲಿಕೆ ಹೋಯಿತು. ಊರು ಬಿಟ್ಟ. ಕೆಲವು ವಾರಗಳ ನಂತರ ಇಡೀ ರಾಜ್ಯದ ಎಣಿಕೆ ಬಂತು. ಒಟ್ಟಿನಲ್ಲಿ ‘ಬೇಡ’ವೇ ಗೆದ್ದಿತ್ತು. ನಮ್ಮ ಕೌಂಟಿ ಸೋತಿದ್ದರೂ ಗೆಲ್ಲುತ್ತಿದ್ದೆವು. ಅದನ್ನು ಎರಡು ಸಲ ಕೂಡಿ ನೋಡಿದೆ.

ಶೆರೀಫ್ ಕೆಲಸ ಬಿಟ್ಟು, ಬಿಡುಗಡೆ ಪತ್ರವನ್ನು ಅಂಗಿಯೊಳಗೆ ಹೊಲಿದುಕೊಂಡು ನ್ಯಾಚೆಜ್‌ಗೆ ಹೋದೆ. ಕೆಜಾಯ ತಾನೇ ಬರುತ್ತೇನೆಂದಳು. ಆ ಊರಿಗೆ ಕಾಲಿಟ್ಟರೆ ಅವಳನ್ನೂ ಹಿಡಿದು ಮಾರುತ್ತಿದ್ದರು. ನಾಲ್ಕು ತಿಂಗಳು ತಿರುಗಿದೆ. ಕುಲುಮೆ ಕಂಡಲ್ಲೆಲ್ಲ ನಿಂತು ಮುಖ ನೋಡಿದೆ. ಹಾಗೆ ಮಾರಾಟವಾದವರ ಹೆಸರನ್ನು ಮೊದಲ ದಿನವೇ ಬದಲಿಸುತ್ತಾರಂತೆ. ಒಬ್ಬನಿಗೂ ಪ್ರಾಸ್ಪರ್ ವೇಡ್ ಗೊತ್ತಿರಲಿಲ್ಲ.

ಹಿಮ ಬೀಳುವ ಕಾಲಕ್ಕೆ ವಾಪಸು ಬಂದು ಅವಳ ಬಾಗಿಲು ತಟ್ಟಿದೆ. ಕೆಜಾಯ ಬಾಗಿಲು ತೆಗೆದಳು. ನನ್ನ ಮುಖ ನೋಡಲಿಲ್ಲ. ನನ್ನ ಭುಜದಾಚೆಗೆ, ನದಿಯಿಂದ ಬರುವ ದಾರಿಯ ಮೇಲೆ, ಇನ್ಯಾರಾದರೂ ನಡೆದು ಬರುತ್ತಿದ್ದಾರೆಯೇ ಎಂದು ಬಹಳ ಹೊತ್ತು ನೋಡಿದಳು.