ಆರನೇ ಲೋಟ

ಲಕ್ಷ್ಮಿದೇವಮ್ಮನವರು ಅಡಿಗೆಮನೆಯಲ್ಲಿ ಬೋರಲು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ರಕ್ತ ಮೆತ್ತಿದ ದೊಡ್ಡ ಪೈಪ್ ಪಾನಾ. ಕೊರಳಲ್ಲಿ ಸದಾ ಇರುತ್ತಿದ್ದ ಎರಡೆಳೆ ಸರ ಕಾಣೆ.

ಹನ್ನೆರಡು ವರ್ಷದ ಸರ್ವೀಸಿನಲ್ಲಿ ಹೆಣ ನೋಡಿ ನೋಡಿ ಮರಗಟ್ಟಿಹೋದ ಕಾನ್‌ಸ್ಟೇಬಲ್ ನಾನು, ಭೀಮರಾಜ್. ಹೆಸರು ಭೀಮನದು, ಧೈರ್ಯ ಮಾತ್ರ ಅಷ್ಟಕ್ಕಷ್ಟೇ. ಆ ಗುರುವಾರ ಮಧ್ಯಾಹ್ನ ನಾನು ಹೆದರಿದ್ದು ಹೆಣ ಕಂಡಲ್ಲ, ಹೊರಗಿನ ಸದ್ದು ಕೇಳಿ. ಗೇಟಿನಾಚೆ ನೂರೈವತ್ತು ಜನ. ಕೈಯಲ್ಲಿ ಕ್ರಿಕೆಟ್ ಬ್ಯಾಟು, ಕಬ್ಬಿಣದ ರಾಡು.

"ಅವನನ್ನ ನಮ್ ಕೈಗೆ ಕೊಡಿ! ನಾವೇ ನೋಡ್ಕೋತೀವಿ!"

ಭಾನುವಾರ ಮಳೆನೀರಿನ ರಾಜಕಾಲುವೆ ಉಕ್ಕಿ ಅಮೃತಹಳ್ಳಿಯ ಈ ಹಿಂದಿನ ಬೀದಿ ಎದೆಮಟ್ಟ ನೀರಿನಲ್ಲಿ ಮುಳುಗಿತ್ತು. ಕೆಳಗಿನ ಶೆಡ್ಡುಗಳಲ್ಲಿ ಇಬ್ಬರು ಸತ್ತರು. ಬುಧವಾರ ನೀರು ಇಳಿಯಿತು, ಭಯ ಇಳಿಯಲಿಲ್ಲ. ಕರೆಂಟಿಲ್ಲ. ನಾಲ್ಕು ಮನೆಗಳ ಬೀಗ ಒಡೆದಿತ್ತು. ಗುರುತಿಲ್ಲದ ಮುಖ ಕಂಡರೆ ಸಾಕು, ಜನ ಕಲ್ಲು ಎತ್ತುತ್ತಿದ್ದರು. ನಮ್ಮ ಸ್ಟೇಷನ್ನೇ ಕೆಸರಾಗಿ, ಸರ್ಕಾರಿ ಶಾಲೆಯ ಎರಡು ಕೋಣೆಗಳಲ್ಲಿ ನಾವು ಕೂತಿದ್ದೆವು. ಒದ್ದೆ ಕಡತಗಳು ಹಗ್ಗದ ಮೇಲೆ ಒಣಗುತ್ತಿದ್ದವು. ಇದ್ದ ಪೊಲೀಸರು ಐದೇ ಜನ.

ಎಸ್‌ಐ ರಾಧಾಮಣಿ ಮೇಡಂ ಎರಡು ಸೈಜ್ ದೊಡ್ಡದಾದ ಗಂಬೂಟು ಎಳೆದುಕೊಂಡು ಅಡಿಗೆಮನೆಯನ್ನು ಒಂದು ಸುತ್ತು ಹಾಕಿದರು. ಅವರಿಗೆ ಯಾವತ್ತೂ ಅವಸರವಿಲ್ಲ. ನನಗೋ, ಓಡಿಹೋದರೆ ಸಾಕಾಗಿತ್ತು.

"ಸ್ಟೌ ನೋಡಿ, ಭೀಮರಾಜ್."

ಬರ್ನರಿನ ಸುತ್ತ ಹಾಲು ಉಕ್ಕಿ ಕಂದಾಗಿತ್ತು. ದೇವರ ಪಟದ ಮುಂದೆ ಪುಟ್ಟ ಬಟ್ಟಲಲ್ಲಿ ಒಂದಿಷ್ಟು ಹಾಲು. ಹೊಸ ಮನೆಗೆ ಕಾಲಿಟ್ಟಾಗ ಮಾಡುವ ಶಾಸ್ತ್ರ ಅದು. ನೀರು ಹೊಕ್ಕ ಮನೆಗೆ ಮತ್ತೆ ಬಂದವರು, ಹೊಸದಾಗಿಯೇ ಬಂದೆ ಅಂದುಕೊಂಡು ಹಾಲುಕ್ಕಿಸಿದ್ದರು ಪಾಪ.

ಕಟ್ಟೆಯ ಮೇಲೆ ಬಿಳಿ ಟವೆಲ್ ಹಾಸಿ, ಹೆಸರು ಕೆತ್ತಿಸಿದ ಸ್ಟೀಲ್ ಲೋಟಗಳನ್ನು ಬೋರಲು ಹಾಕಿದ್ದರು. ಆರು ಲೋಟ. ಐದು ಫಳಫಳ ಹೊಳೆಯುತ್ತಿದ್ದವು. ಆರನೆಯದನ್ನು ಮೇಡಂ ಕರ್ಚೀಫಿನಲ್ಲಿ ಹಿಡಿದು ಎತ್ತಿದರು, ಮೂಸಿದರು, ಪ್ಲಾಸ್ಟಿಕ್ ಕವರಿಗೆ ಹಾಕಿದರು. ಒಳಗೆ ತೆಳ್ಳಗೆ ಕೆಸರಿನ ಪೊರೆ ಒಣಗಿತ್ತು.

ಹಿಂಬಾಗಿಲಲ್ಲಿ ಸಂಪಿನ, ಅಂದರೆ ನೆಲದಡಿಯ ತೊಟ್ಟಿಯ, ಕೊಳಕು ನೀರು ತುಂಬಿದ ಬಕೆಟ್. ದೇವರ ಮೂಲೆಯಲ್ಲಿ ಶುದ್ಧ ನೀರಿನ ಎರಡು ಕ್ಯಾನು, ಸೀರೆ ಹೊದಿಸಿಟ್ಟಿದ್ದವು. ಮುಂಬಾಗಿಲ ಕಿಟಕಿಯ ಮೇಲೆ ಪೇಪರ್ ಕಪ್ಪುಗಳ ಒಂದು ಕಟ್ಟು. ಹೊರಗೆ ಬರುವಾಗ ಗೇಟಿನ ಬಳಿ, ಡೀಸೆಲ್ ಮೋಟಾರಿನ ಪಕ್ಕ, ಬಿದ್ದಿದ್ದ ಅಂಥದೇ ಒಂದು ಕಪ್ಪನ್ನು ನಾನು ಬೂಟಿನಲ್ಲಿ ಒದ್ದೆ.

"ಒದೀಬೇಡ್ರೀ! ಎತ್ತಿಕೊಳ್ಳಿ" ಅಂದರು ಮೇಡಂ.

ಗುಂಪಿನ ಮುಂದಿದ್ದವರು ಬಡಾವಣೆ ಸಂಘದ ಕಾರ್ಯದರ್ಶಿ ನಾಗಭೂಷಣ, ಪಕ್ಕದ ಮನೆಯವರು. ಊರೆಲ್ಲ ಕೆಸರಾಗಿರುವಾಗ ಅವರ ಶರ್ಟು ಮಾತ್ರ ಬೆಳ್ಳಗಿತ್ತು.

"ನೀವು ನೋಡಿದ್ದೇನು, ಸಾರ್?"

"ಬೆಳಗ್ಗೆಯಿಂದ ನಾನು ಟೆರೇಸ್ ಬಿಟ್ಟು ಇಳಿದೇ ಇಲ್ಲ ಮೇಡಂ. ಹಾಸಿಗೆ ಒಣಗಿಸ್ತಿದ್ದೆ. ಆ ಮೋಟಾರ್ ಮುನಿಶಾಮಿ ಹಾಲು ಕುಡಿಯೋ ನೆಪದಲ್ಲಿ ಅಡಿಗೆಮನೆವರೆಗೂ ಹೋಗಿ ಹೊಡೆದಿದ್ದಾನೆ. ಕಿರುಚಿದ್ದು ಕೇಳಿಸ್ತು. ಅವನು ಓಡಿ ಬಂದದ್ದನ್ನ ಕಣ್ಣಾರೆ ಕಂಡೆ. ನಾನೇ ಕೂಗಿ ಹಿಡಿಸಿದ್ದು."

"ನೀವು ಒಳಗೆ ಹೋಗಿದ್ರಾ?"

"ಇಲ್ಲ ಮೇಡಂ! ನೀರಿಳಿದ ಮೇಲೆ ಆ ಹೊಸ್ತಿಲು ತುಳಿದಿಲ್ಲ ನಾನು."

"ಸರಿ" ಅಂದರು ಮೇಡಂ. ಗುಂಪು ನಮಗೆ ದಾರಿ ಬಿಟ್ಟಿತು, ಆದರೆ ಹಿಂದೆಯೇ ಶಾಲೆಯವರೆಗೂ ಬಂತು. ಸಂಜೆ ಆರು ಗಂಟೆಯೊಳಗೆ ಆರೋಪಿಯನ್ನು ಹೊರಗೆ ಬಿಡದಿದ್ದರೆ ಬಾಗಿಲು ಮುರಿಯುತ್ತೇವೆ ಎಂದರು. ಆ ಬಾಗಿಲೋ ನೀರು ಕುಡಿದು ಉಬ್ಬಿತ್ತು. ಜೋರಾಗಿ ತಳ್ಳಿದರೂ ಸಾಕಿತ್ತು. ಹೆಚ್ಚಿನ ಪಡೆ ಕಳಿಸಿ ಎಂದು ನಾಲ್ಕು ಸಲ ವೈರ್‌ಲೆಸ್‌ನಲ್ಲಿ ಕೇಳಿದೆ. ನಾಲ್ಕು ಸಲವೂ ಒಂದೇ ಉತ್ತರ — ಹೆಬ್ಬಾಳದಲ್ಲಿ ರಸ್ತೆ ಬಂದ್.

ಜನರ ಕೈಯಿಂದ ಬಿಡಿಸಿ ತಂದಿದ್ದ ಮುನಿಶಾಮಿ ಶಾಲೆಯ ಕೋಣೆಯಲ್ಲಿ ಮಕ್ಕಳ ಬೆಂಚಿನ ಮೇಲೆ ಮುದುರಿ ಕೂತಿದ್ದ. ಮನೆಮನೆಯ ಸಂಪಿನಿಂದ ಕೊಳಕು ನೀರು ಎತ್ತಿ, ಇಳಿದು ತೊಳೆಯುವ ಕೆಲಸ ಅವನದು. ಎಡಗಣ್ಣು ಮುಚ್ಚಿಹೋಗಿತ್ತು, ತುಟಿ ಸೀಳಿತ್ತು. ಹೆಂಡತಿ ಯಲ್ಲಮ್ಮ ಅವನ ತಲೆಗೆ ಸೆರಗು ಒತ್ತಿ ಹಿಡಿದಿದ್ದಳು.

"ಪಾನಾ ನಿಮ್ಮದೇನಾ?"

ಪೊಲೀಸರ ಬಾಯಲ್ಲಿ 'ನಿಮ್ಮದು' ಕೇಳಿ ಅವನು ಬೆದರಿದ.

"ನಂದೇ ಮೇಡಮ್ಮಾ. ಮೋಟ್ರುತಾವ ಬಿಟ್ಟು ಡೀಸಲ್ ತರೋಕೆ ಓಗಿದ್ದೆ. ಬಂದ್ ನೋಡಿದ್ರೆ ಪಾನಾನೇ ಇಲ್ಲ. ಅಮ್ಮೋರೇ ಅಂತ ಕೂಗ್ದೆ, ಉತ್ರ ಇಲ್ಲ. ಸುತ್ತಾಕ್ಕೊಂಡು ಇಂದ್ಗಡೆ ಬಾಗ್ಲಿಂದ ಬಗ್ಗಿ ನೋಡ್ದೆ. ರಕ್ತ! ಓಡ್ದೆ."

"ಹಾಲು ಕುಡಿದ್ರಾ?"

"ಊಂ. ಡೀಸಲ್‌ಗೆ ಓಗೋಕ್ ಮುಂಚೆ. ಮನೇಗ್ ಬಂದೀನಿ, ಆಲುಕ್ಸಿದೀನಿ, ತಗೋ ಅಂತ ಅಮ್ಮೋರು ಗೇಟ್‌ತಾವ ತಂದ್ಕೊಟ್ರು. ಪೇಪರ್ ಕಪ್‌ನಾಗೆ."

"ಮನೆ ಒಳಗೆ ಹೋಗಿರಲಿಲ್ವಾ?"

"ನಾನಾ? ಒಳಕ್ಕಾ?" ನೋವಿನಲ್ಲೂ ಅವನಿಗೆ ನಗು ಬಂತು. ಪೂರ್ತಿ ಹೇಳಿದ್ದು ಯಲ್ಲಮ್ಮ. "ಆರು ವರ್ಸದಿಂದ ಆ ಮನೆ ಸಂಪ್ ತೊಳೀತಾನೆ ಮೇಡಮ್ಮಾ. ಅಮ್ಮೋರು ಒಳ್ಳೇವ್ರೇ, ನನ್ ಮಗಳ ಫೀಜಿಗೆ ಆಗಿದ್ರು. ಆದ್ರೆ ಅಬ್ಬಕ್ಕೆ ಒಬ್ಬಟ್ಟು ಕೊಟ್ರೂ ಗೇಟ್‌ತಾವಾನೇ. ನಮ್ಮಂತೋರ್ಗೆ ಅಂತ ಕಿಟ್ಕಿ ಮ್ಯಾಲೆ ಕಪ್ ಇಟ್ಟಿರ್ತಾರೆ."

ನಾನು ತಲೆ ತಗ್ಗಿಸಿದೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಅಷ್ಟರಲ್ಲಿ ಕಿಟಕಿಯ ಗಾಜು ಒಡೆದು ಕಲ್ಲೊಂದು ಒಳಗೆ ಬಿತ್ತು. ಯಲ್ಲಮ್ಮ ಗಂಡನ ಮೇಲೆ ಅಡ್ಡ ಬಿದ್ದಳು. ನನ್ನ ಲಾಠಿ ಕೈಜಾರಿತು, ಸುಳ್ಳು ಹೇಳುವುದಿಲ್ಲ. ಮೇಡಂ ಮೇಜಿನ ಮೇಲಿನ ಗಾಜಿನ ಚೂರನ್ನು ಸರಿಸಿ, "ಅಶ್ವತ್ಥ್ ಅವರನ್ನ ಕರೀರಿ" ಎಂದರು.

ಅಶ್ವತ್ಥ್ ಲಕ್ಷ್ಮಿದೇವಮ್ಮನವರ ಅಣ್ಣನ ಮಗ, ಬಿಲ್ಡರ್. ಅತ್ತೆಗೆ ಮಕ್ಕಳಿಲ್ಲ, ಮನೆ ಅವನಿಗೇ ಬರುತ್ತದೆ. ನನ್ನ ಅನುಮಾನವೆಲ್ಲ ಅವನ ಮೇಲೇ ಇತ್ತು. ಆದರೆ ಅತ್ತು ಅತ್ತು ಅವನ ಮುಖ ಊದಿಕೊಂಡಿತ್ತು.

"ಎಂಟಕ್ಕೆ ನಾನೇ ಅತ್ತೇನ ಮನೇಲಿ ಬಿಟ್ಟು, ಎರಡು ಕ್ಯಾನ್ ನೀರಿಟ್ಟು ಹೋದೆ. ಒಂಬತ್ತರಿಂದ ಸರ್ವೇಯವರ ಜೊತೆ ವಾರ್ಡ್ ಆಫೀಸಲ್ಲಿದ್ದೆ. ಬೇಕಾದ್ರೆ ಅವರನ್ನೇ ಕೇಳಿ."

"ಸರ್ವೇ ಯಾಕೆ?"

"ಮೂರು ಗಂಟೆಗೆ ಕಾಲುವೆ ಅಳತೆ ಇತ್ತು ಮೇಡಂ. ಅದರ ಹಳೇ ಅಂಚಿನ ಬಾಂದುಕಲ್ಲು ಎಲ್ಲಿದೆ ಅಂತ ಊರಲ್ಲಿ ಗೊತ್ತಿದ್ದದ್ದು ಅತ್ತೆಗೆ ಒಬ್ಬರಿಗೇ. ಯಾರೋ ಅದರ ಮೇಲೇ ಗೋಡೆ ಕಟ್ಟಿ ಕಾಲುವೆ ಅರ್ಧ ನುಂಗಿದಾರೆ, ಅದಕ್ಕೇ ನೀರು ನುಗ್ಗಿದ್ದು ಅಂತಿದ್ರು."

"ಯಾರು ಅಂತ ಹೇಳಲಿಲ್ವಾ?"

"ಸರ್ವೇಯವರ ಮುಂದೇನೇ ಹೇಳ್ತೀನಿ ಅಂದ್ರು. ಮೂರು ದಿನ ನೆರೆ ಪರಿಹಾರ ಕ್ಯಾಂಪಲ್ಲಿ ಜೈನಾಬ್ ಪಕ್ಕದಲ್ಲೇ ಮಲಗಿದ್ರು. ಅದೇ, ಶೆಡ್ಡಲ್ಲಿ ಗಂಡನ್ನ ಕಳ್ಕೊಂಡ ಹೆಂಗಸು. ಅವಳ ಮುಖ ನೋಡಿದ ಮೇಲೆ ಸುಮ್ನಿರಕ್ಕಾಗಲ್ಲ ಕಣೋ ಅಂದ್ರು."

ಮೇಡಂ ಮುನಿಶಾಮಿಯ ಕಡೆ ತಿರುಗಿದರು. "ಯಾವ ಮನೆ ಮೊದಲು, ಯಾವುದು ಆಮೇಲೆ ಅಂತ ಸಂಘದವರು ನಿಮಗೆ ಪಟ್ಟಿ ಕೊಟ್ಟಿರ್ತಾರಲ್ಲ?"

ಜೇಬಿನಿಂದ ಒದ್ದೆ ಹಾಳೆ ಬಂತು. ಇಪ್ಪತ್ತೆರಡು ಮನೆ. ಮೊದಲನೆಯದು ಲಕ್ಷ್ಮಿದೇವಮ್ಮ. ಎರಡನೆಯದು ನಾಗಭೂಷಣ. ಆದರೆ ಆ ಹೆಸರಿಗೆ ಅಡ್ಡಗೆರೆ ಹೊಡೆದು, ಕೊನೆಗೆ ಮತ್ತೆ ಬರೆದಿತ್ತು.

"ಇದು ಯಾವಾಗ ಆಗಿದ್ದು?"

"ಇವತ್ತೇ. ಡೀಸಲ್ ತಗೊಂಡ್ ಬರೋವಾಗ ಸೆಗ್ರೆಟ್ರಿ ಸಾಯೇಬ್ರು ರೋಡ್‌ನಾಗೆ ಸಿಕ್ಕಿದ್ರು. ಪಟ್ಟಿ ಇಸ್ಕೊಂಡು, ಮೊದ್ಲು ಬ್ಯಾರೇವ್ರ ಮನೇದಾಗ್ಲಿ, ನಮ್ದು ಕೊನೇಗಿರ್ಲಿ ಅಂತ ಬರಕೊಟ್ರು. ಒಳ್ಳೇವ್ರು."

ಮೇಡಂ ಎದ್ದು ನಿಂತರು. "ಮೋಟಾರ್ ಶುರು ಮಾಡೋಕೆ ಆಗತ್ತಾ ನಿಮಗೆ?"

"ಮೇಡಂ, ಹೊರಗೆ ಹೋದ್ರೆ ಕೊಂದ್ಹಾಕ್ತಾರೆ!" ಎಂದೆ.

"ಇಲ್ಲಿದ್ರೂ ಆರಕ್ಕೆ ಕೊಂದ್ಹಾಕ್ತಾರೆ. ನಡೀರಿ."

ಶಾಲೆಯಿಂದ ಆ ಬೀದಿಗೆ ಇನ್ನೂರು ಹೆಜ್ಜೆ ಇರಬಹುದು. ನಾವು ಐವರು ಕೈಕೈ ಹಿಡಿದು ಮುನಿಶಾಮಿಯ ಸುತ್ತ ನಿಂತೆವು. ಒಂದು ರಾಡು ನನ್ನ ಭುಜಕ್ಕೆ ಬಿತ್ತು. ಯಾರೋ ಉಗಿದರು. ಮುನಿಶಾಮಿಯ ಹಲ್ಲು ಕಟಕಟಿಸುವುದು ನನಗೆ ಕೇಳಿಸುತ್ತಿತ್ತು. ಮನೆಯ ದೇವರನ್ನೆಲ್ಲ ನೆನೆದೆ.

ನಾಗಭೂಷಣರ ಗೇಟಿನ ಮುಂದೆ ಮೇಡಂ ತಿರುಗಿ ನಿಂತರು.

"ಹತ್ತು ನಿಮಿಷ ಸುಮ್ನಿರಿ. ಆಮೇಲೂ ಇವರೇ ಕೊಲೆಗಾರ ಅನ್ಸಿದ್ರೆ ನನ್ನನ್ನ ಮೊದಲು ಹೊಡೀರಿ." ಮತ್ತೆ ನಾಗಭೂಷಣರಿಗೆ, "ಸಂಪಿನ ಬೀಗದ ಕೈ ಕೊಡಿ, ಸಾರ್."

"ಅದು... ನೀರಲ್ಲಿ ಕೊಚ್ಕೊಂಡು ಹೋಯ್ತು. ನನ್ನ ಸಂಪು ಯಾಕೆ ಈಗ?"

"ಭೀಮರಾಜ್, ಬೀಗ ಒಡೀರಿ."

ಒಡೆದೆ. ಕಪ್ಪು ನೀರು ಕಂಠಮಟ್ಟ ನಿಂತಿತ್ತು. ಮುನಿಶಾಮಿ ಪಕ್ಕದ ಗೇಟಿನಿಂದ ಮೋಟಾರು ತಳ್ಳಿ ತಂದು, ಪೈಪು ಇಳಿಬಿಟ್ಟು ಅದರ ಹಗ್ಗ ಎಳೆದ. ಮೂರನೇ ಎಳೆತಕ್ಕೆ ಅದು ಗುಡುಗಿತು. ನೀರು ಇಳಿಯುತ್ತಿದ್ದಂತೆ ಮೇಡಂ ದನಿ ಎತ್ತಿದರು.

"ಲಕ್ಷ್ಮಿದೇವಮ್ಮನವರು ಹಾಲುಕ್ಕಿಸಿ, ಬಂದವರಿಗೆ ಕೊಟ್ಟರು. ಇಬ್ಬರಿಗೆ. ಮುನಿಶಾಮಿಗೆ ಗೇಟಲ್ಲಿ, ಪೇಪರ್ ಕಪ್ಪಲ್ಲಿ. ಆ ಕಪ್ಪು ಮೋಟಾರ್ ಪಕ್ಕಾನೇ ಸಿಕ್ತು. ಇನ್ನೊಬ್ಬರಿಗೆ ಒಳಗೆ ಕೂರಿಸಿ, ಸ್ಟೀಲ್ ಲೋಟದಲ್ಲಿ. ಕೊಂದವನು ಕಳ್ಳತನ ಅನ್ನಿಸಲಿ ಅಂತ ಸರ ಕಿತ್ತುಕೊಂಡ, ಆ ಲೋಟ ತೊಳೆದಿಟ್ಟ. ಕ್ಯಾನ್ ನೀರು ದೇವರ ಮೂಲೇಲಿರೋದು ಅವನಿಗೆ ಗೊತ್ತಿಲ್ಲ. ಹಿಂಬಾಗಿಲ ಬಕೆಟಿನ ಸಂಪ್ ನೀರಲ್ಲೇ ತೊಳೆದ. ಕೆಸರು ಒಳಗೇ ಒಣಗ್ತು." ಆರನೇ ಲೋಟವಿದ್ದ ಕವರನ್ನು ಎತ್ತಿ ಹಿಡಿದರು. "ಈ ಬೀದಿಯವರೇ ಹೇಳಿ. ಸಂಪಿಗೆ ಇಳಿಯೋ ಮುನಿಶಾಮಿಗೆ ನಿಮ್ಮಲ್ಲಿ ಯಾರ ಮನೇಲಿ ಈ ಲೋಟ ಕೊಡ್ತೀರಿ? ಯಾರ ಅಡಿಗೆಮನೆಗೆ ಬಿಡ್ತೀರಿ?"

ಬ್ಯಾಟು ಹಿಡಿದವನೊಬ್ಬ ಅದನ್ನು ಬೆನ್ನ ಹಿಂದೆ ಸರಿಸಿದ.

"ನಾಗಭೂಷಣ ಸಾರ್, ಮುನಿಶಾಮಿ ಹಾಲಿಗೆ ಅಡಿಗೆಮನೆವರೆಗೂ ಹೋದ ಅಂದ್ರಿ. ಎಲ್ಲರೂ ನಂಬಿದ್ರು, ಭಯ ಅಂಥದು. ಒಳಗೆ ಹೋಗದ ನಿಮಗೆ ಹಾಲುಕ್ಕಿಸಿದ್ದು ಹೇಗೆ ಗೊತ್ತಾಯ್ತು?"

"ಅವನ ಕೈಲಿ ಕಪ್ಪು ನೋಡಿದೆ... ಟೆರೇಸಿಂದ..."

"ಕಪ್ಪು ನೋಡಿದ್ರೆ, ಗೇಟಲ್ಲೇ ಕುಡಿದದ್ದೂ ನೋಡಿರ್ಬೇಕಲ್ಲ? ಟೆರೇಸ್ ಬಿಟ್ಟು ಇಳಿಯದವರು ರಸ್ತೆಯಲ್ಲಿ ನಿಂತು ಈ ಪಟ್ಟಿ ತಿದ್ದಿದ್ದು ಹೇಗೆ? ಕುಡಿಯೋ ನೀರಿಗೆ ಊರೇ ಬಾಯಿಬಾಯಿ ಬಿಡುವಾಗ, ನನ್ನ ಸಂಪು ಕೊನೆಗಿರಲಿ ಅಂದದ್ದು ಯಾಕೆ?"

ಮೋಟಾರು ಗಾಳಿ ಎಳೆಯತೊಡಗಿತು. ನೀರು ಮುಗಿದಿತ್ತು. ಮುನಿಶಾಮಿ ಬಗ್ಗಿ ಟಾರ್ಚು ಬಿಟ್ಟ. ತಳದ ಕೆಸರಿನಲ್ಲಿ ಎರಡೆಳೆ ಸರ ಮಿಂಚಿತು. ಅಶ್ವತ್ಥ್ "ಅತ್ತೆ!" ಎಂದು ಕುಸಿದು ಕೂತ.

ನಾಗಭೂಷಣ ಓಡಲು ನೋಡಿದರು. ಅವರೇ ಸೇರಿಸಿದ ಜನ ಅವರನ್ನು ಬಿಡಲಿಲ್ಲ.

"ಬೇಡಿಕೊಂಡೆ ಅವಳನ್ನ" ಎಂದರು, ಕೈಕೋಳ ಬೀಳುವಾಗ. "ಗೋಡೆ ನಾನೇ ಒಡಿಸ್ತೀನಿ, ಇಬ್ಬರ ಸಾವು ನನ್ನ ತಲೆಗೆ ಕಟ್ಟಬೇಡ ಅಂದೆ. ಕೂರಿಸಿ ಹಾಲು ಕೊಟ್ಟಳು. ಕೊಟ್ಟು, ಜೈನಾಬ್‌ಗೆ ನೀನೇ ಹೋಗಿ ಹೇಳು ಅಂದಳು. ಹೊರಗೆ ಬಂದೆ... ಗೇಟಲ್ಲಿ ಪಾನಾ ಕಾಣಿಸ್ತು."

ಸರ್ವೇಯವರು ನಾಗಭೂಷಣರ ಮನೆಯ ಹಿಂದಿನ ಗೋಡೆಗೆ ಒರಗಿಸಿದ್ದ ಮರಳುಮೂಟೆಗಳನ್ನು ಸರಿಸಿದರು. ಬಾಂದುಕಲ್ಲು ಅಲ್ಲೇ ಇತ್ತು.

ಮುನಿಶಾಮಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಜೀಪಿನಲ್ಲಿ ಅವನು ಮೆಲ್ಲಗೆ ಅಂದ, "ಅಮ್ಮೋರು ನನ್ನ ಒಳಕ್ ಕರ್ದು ಲೋಟದಾಗೆ ಕೊಟ್ಟಿದ್ರೆ, ಇವತ್ತು ನನ್ ಕತೆ ಮುಗ್ದೋಗಿತ್ತಲ್ವಾ ಸಾ?" ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು.

ಬಾಗಲೂರಿನ ನಮ್ಮ ಮನೆಗೆ ಬಂದಾಗ ಅಮ್ಮ ಕಾಫಿ ಕಾಯಿಸುತ್ತಿದ್ದಳು. ನಾನು ಬಚ್ಚಲ ಕಿಟಕಿಗೆ ಕೈ ಹಾಕಿದೆ. ಅಲ್ಲೊಂದು ನೆಗ್ಗಿದ ಅಲ್ಯೂಮಿನಿಯಂ ಲೋಟವಿದೆ. ಮೋರಿ ಬಳಿಯಲು ಬರುವ ಹೆಂಗಸಿಗೆಂದೇ ಇಟ್ಟದ್ದು. ನಾನು ಹುಟ್ಟುವ ಮೊದಲಿನಿಂದಲೂ ಅಲ್ಲೇ ಇದೆ. ಎಷ್ಟೋ ಸಾವಿರ ಸಲ ಅದನ್ನು ನೋಡಿದ್ದೇನೆ, ಪತ್ತೇದಾರನಂತೆ ನೋಡಿದ್ದು ಅವತ್ತೇ. ತೊಳೆದು ತಂದು ಅಮ್ಮನ ಮುಂದೆ ಹಿಡಿದೆ.

"ಥೂ, ಅದ್ಯಾಕೋ ಆ ಲೋಟ?"

"ನನ್ನ ಕಾಫಿ ಇದಕ್ಕೇ ಹಾಕಮ್ಮ" ಎಂದೆ.