ಮೂರು ಹಲ್ಲಿಲ್ಲದ ವೈಸ್

ರೈಟರ್ ಏಕಾಂತಪ್ಪ ಕಾಲುದಾರಿಯಲ್ಲಿ ಬೋರಲಾಗಿ ಬಿದ್ದಿದ್ದ. ಮೊದಲು ನೋಡಿದವಳು ಕಾಫಿಹಣ್ಣು ಕೊಯ್ಯಲು ಹೊರಟಿದ್ದ ಗಿಡ್ಡಮ್ಮ. ಅವಳು ಕಿರುಚಲಿಲ್ಲ. ಬುಟ್ಟಿಯನ್ನು ಅಲ್ಲೇ ಇಟ್ಟು, ಬಂದ ದಾರಿಯಲ್ಲೇ ಹಿಂದಿರುಗಿ ಮೇಸ್ತ್ರಿಗೆ ಹೇಳಿದಳು.

"ರೈಟ್ರು ಬಿದ್ದವ್ರೆ. ಇನ್ನು ಏಳಲ್ಲ ಅನ್ಸುತ್ತೆ."

1942ರ ಜನವರಿ. ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವಾಗ ಸಿಗುವ ಒಂದು ಕಾಫಿ ಎಸ್ಟೇಟು. ಆಳುಗಳ ಹಾಜರಿ, ಗಾಡಿ, ಪಾರ್ಚ್‌ಮೆಂಟ್ ಕಾಫಿಬೀಜ ಒಣಗಿಸುವ ಕಣ, ಎಲ್ಲವೂ ಏಕಾಂತಪ್ಪನ ಕೈಯಲ್ಲಿತ್ತು.

ಸಬ್ ಇನ್ಸ್‌ಪೆಕ್ಟರ್ ಓಂಕಾರಮೂರ್ತಿ ಬಂದಾಗ ಬಿಸಿಲೇರಿತ್ತು. ಗುಂಡು ಎದೆಯನ್ನು ಹೊಕ್ಕಿತ್ತು. ದಾರಿಗೆ ಅಡ್ಡವಾಗಿ ತೆಳ್ಳನೆ ತಂತಿ. ತಂತಿಯ ಕೊನೆಯಲ್ಲಿ, ಪೊದೆಯೊಳಗೆ, ಸಿಲ್ವರ್ ಓಕ್ ಮರಕ್ಕೆ ಬಿಗಿದ ಒಂದು ನಾಡಕೋವಿ. ತಂತಿಗೆ ಕಾಲೋ ಮೈಯೋ ತಗುಲಿದರೆ ಕೋವಿಯ ಕುದುರೆ ಎಳೆದು ಗುಂಡು ಹಾರುವ ಹಾಗೆ ಕಟ್ಟಿದ್ದರು.

"ಹಂದಿಗೆ ಕಟ್ಟಿದ್ದು ಸ್ವಾಮಿ," ಎಂದ ದಫೇದಾರ್ ಕೆಂಚಯ್ಯ. "ಪಾಪ, ಇವ್ರು ಸಿಕ್ಕಿಬಿದ್ರು."

"ಇಲ್ಲಿ ಹಂದಿಗೆ ಕೋವಿ ಕಟ್ಟೋರು ಯಾರು?"

"ಮಾರಯ್ಯ. ಇಡೀ ಕೂಲಿ ಲೈನಿಗೆ ಗೊತ್ತು. ಹೋದ ವಾರ ರೈಟ್ರು ಅವನ ಕೆನ್ನೆಗೆ ಹೊಡೆದಿದ್ರಂತೆ."

ಮಾರಯ್ಯನ ಮನೆಯ ಸೂರಿನಲ್ಲಿ ಅಂಥದ್ದೇ ತಂತಿಯ ಸುರುಳಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅವನು ಮೂಡಿಗೆರೆ ಠಾಣೆಯಲ್ಲಿದ್ದ.

* * *

ಮಾರಯ್ಯ ಅಳಲಿಲ್ಲ, ಆಣೆ ಹಾಕಲಿಲ್ಲ. ಒಂದೇ ಮಾತು ಕೇಳಿದ.

"ತಂತಿ ಎಷ್ಟು ಎತ್ತರಕ್ಕಿತ್ತು ಸ್ವಾಮಿ?"

"ಯಾಕೆ?"

"ಹಂದಿಗಾದ್ರೆ ಮೊಣಕಾಲಿಗಿಂತ ಮೇಲೆ ಕಟ್ಟಲ್ಲ."

ಓಂಕಾರಮೂರ್ತಿ ತಾವು ನೋಡಿದ್ದನ್ನು ನೆನೆದರು. ತಂತಿ ಅವರ ಸೊಂಟದ ಮಟ್ಟಕ್ಕಿತ್ತು. ಕೋವಿಯ ಬಾಯಿ ಎದೆಯ ಮಟ್ಟಕ್ಕಿತ್ತು. ಹಂದಿ ಆ ತಂತಿಯ ಕೆಳಗೆ ನುಸುಳಿಕೊಂಡು ಹೋಗುತ್ತಿತ್ತು. ನಸುಕಿನಲ್ಲಿ ಆ ಒಳದಾರಿಯಲ್ಲಿ ಕಣಕ್ಕೆ ಹೋಗುತ್ತಿದ್ದವನು ಏಕಾಂತಪ್ಪ ಒಬ್ಬನೇ. ಆಳುಗಳು ಬರುವುದು ಹಾಜರಿಯ ಮಸ್ಟರ್ ಆದ ಮೇಲೆ. ಇದು ಹಂದಿಗೆ ಕಟ್ಟಿದ್ದಲ್ಲ.

ಅವರು ಕೋವಿಯನ್ನು ಮೇಜಿನ ಮೇಲಿಟ್ಟು ನೋಡಿದರು. ನೀರಿನ ಕೊಳವೆಯಿಂದ ಮಾಡಿದ್ದು. ಹಿಂಬದಿಯನ್ನು ಮುಚ್ಚಿದ್ದ ಬೋಲ್ಟಿಗೆ ಸುತ್ತು ಕೊರೆದು ಬಿಗಿ ಮಾಡಿದ್ದರು. ಕುಲುಮೆಯವರ ಕೆಲಸವಲ್ಲ, ಫಿಟ್ಟರ್ ಕೆಲಸ. ಬೋಲ್ಟ್ ಬಿಗಿಯುವಾಗ ಕೊಳವೆಯನ್ನು ಬಲವಾಗಿ ಬೆಂಚಿಗೆ ಕೂರಿಸುವ ಇಕ್ಕಳದಂಥ ಯಾವುದೋ ವೈಸಿಗೆ ಕಚ್ಚಿಸಿದ್ದರು. ಆ ಕಬ್ಬಿಣದ ದವಡೆಯ ಹಲ್ಲಿನ ಗುರುತು ಕೊಳವೆಯ ಮೇಲೆ ಒಂದು ಸಾಲಾಗಿ ಮೂಡಿತ್ತು. ಸಾಲು ಮೂರಿಂಚು. ಸಾಲಿನ ಕೊನೆಯಲ್ಲಿ ಮೂರು ಹಲ್ಲಿನ ಗುರುತು ಇರಲಿಲ್ಲ.

ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನೋಡಿಕೊಳ್ಳುವ ಫಿಟ್ಟರ್ ಚೌಡಯ್ಯ. ಅವನ ಶೆಡ್ಡಿಗೆ ಹೋದರು. ಆದರೆ ಅಲ್ಲಿದ್ದ ಒಂದೇ ವೈಸ್ ಐದಿಂಚಿನದು. ಒಂದು ಸೀಸದ ತುಂಡನ್ನು ಕಚ್ಚಿಸಿ ನೋಡಿದರು. ಸಾಲು ಉದ್ದ, ಹಲ್ಲುಗಳೆಲ್ಲ ಇದ್ದವು.

"ಆ ಗುರುತು ನನ್ನ ವೈಸಿಂದಲ್ಲ ಸ್ವಾಮಿ," ಎಂದ ಚೌಡಯ್ಯ ಉಸಿರು ಬಿಟ್ಟು. "ವೈಸ್ ವಿಷಯ ಕೇಳ್ಬೇಕಂದ್ರೆ ವಸ್ತಾರೆ ಬಸವರಾಜಪ್ಪನವರನ್ನ ಕೇಳಿ. ಈ ಸೀಮೇಲಿ ಹಳೇ ವೈಸ್ ಎಲ್ಲಿ ಮಾರಾಟಕ್ಕೆ ಬಂದ್ರೂ ಅವ್ರ ಕಣ್ಣಿಗೆ ಬೀಳದೆ ಇರಲ್ಲ."

* * *

ಬಸವರಾಜಪ್ಪ ಚಿಕ್ಕಮಗಳೂರಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ವಸ್ತಾರೆಯ ಮನೆಯ ಹಿತ್ತಿಲ ಕೊಟ್ಟಿಗೆಯೇ ಈಗ ಅವರ ಕಾರ್ಯಾಗಾರ. ಗೋಡೆಯುದ್ದಕ್ಕೂ ಹಲಸಿನ ಹಲಗೆಯ ಬೆಂಚು. ಅದರ ಮೇಲೆ ಎಂಟು ವೈಸ್‌ಗಳು, ಎಣ್ಣೆ ಹಚ್ಚಿ ಒರೆಸಿ, ಸಾಲಾಗಿ.

"ಬಿಳಿ ದೊರೆಗಳು ಯುದ್ಧಕ್ಕೆ ಅಂತ ಬಂಗ್ಲೆ ಬಿಟ್ಟು ಹೋಗ್ತಾರಲ್ಲ, ಆಗ ಹರಾಜಿಗೆ ಬರ್ತವೆ," ಎಂದರು ಬಸವರಾಜಪ್ಪ. ಕೇಳುವವರು ಸಿಕ್ಕಿದ್ದು ಅವರಿಗೆ ಸಂತೋಷವಾಗಿತ್ತು. "ಬಣ್ಣ ನೋಡಿ ತಗೊಂಡ್ರೆ ಕೆಟ್ಟ ಹಾಗೇ. ಬಿರುಕು ಬಣ್ಣದ ಕೆಳಗಿರುತ್ತೆ. ಇಲ್ಲಿ ಕೇಳಿ."

ಸಣ್ಣ ಸುತ್ತಿಗೆಯಿಂದ ಒಂದರ ಮೈಗೆ ತಟ್ಟಿದರು. ಗಂಟೆಯಂತೆ ನಾದ ಬಂತು.

"ಹೀಗೆ ಹಾಡಿದ್ರೆ ಗಟ್ಟಿ. ಬೊದ್ದಾಗಿ ಕೇಳಿದ್ರೆ ಎಲ್ಲೋ ಒಡೆದಿದೆ ಅಂತ. ಆಮೇಲೆ ದವಡೆ ಮುಚ್ಚಿ ಬೆಳಕಿಗೆ ಹಿಡೀಬೇಕು. ಸಂದೀಲಿ ಬೆಳಕು ತೂರಬಾರ್ದು."

ಓಂಕಾರಮೂರ್ತಿ ಗೋಣಿಚೀಲ ಬಿಚ್ಚಿ ಕೊಳವೆಯನ್ನು ಮುಂದಿಟ್ಟರು. "ಈ ಗುರುತು ಯಾವ ವೈಸಿಂದು ಅಂತ ಹೇಳ್ಬೇಕು."

ಬಸವರಾಜಪ್ಪ ಕನ್ನಡಕ ಹಾಕಿಕೊಂಡರು. ಕೊಳವೆಯನ್ನು ಬಾಗಿಲ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಆ ಸಾಲನ್ನು ಸವರುತ್ತಾ ಹೋಗಿ, ಕೊನೆಗೆ ಬಂದು ನಿಲ್ಲಿಸಿದರು. ಬಹಳ ಹೊತ್ತು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

"ಇಲ್ಲಿರೋ ಯಾವುದೂ ಅಲ್ಲ," ಎಂದರು.

ದನಿ ಬದಲಾಗಿತ್ತು. ಓಂಕಾರಮೂರ್ತಿ ಎಂಟರಲ್ಲೂ ಸೀಸ ಕಚ್ಚಿಸಿ ನೋಡಿದರು. ಅವರು ಹೇಳಿದ್ದು ನಿಜ. ಆದರೆ ಕಿಟಕಿಯ ಪಕ್ಕ, ಬೆಂಚಿನ ಮೇಲೆ ನಾಲ್ಕು ಬೋಲ್ಟಿನ ತೂತುಗಳಿದ್ದವು. ಸುತ್ತಲಿನ ಹಲಗೆ ಎಣ್ಣೆಗೆ ಕಪ್ಪಾಗಿತ್ತು. ನಡುವೆ ಅಂಗೈಯಗಲ ಜಾಗ ಮಾತ್ರ ತಿಳಿಯಾಗಿತ್ತು.

"ಇಲ್ಲೊಂದಿತ್ತಲ್ಲ?"

"ಇತ್ತು. ಕೊಟ್ಟೆ."

"ಯಾರಿಗೆ?"

ಬಸವರಾಜಪ್ಪ ಕೊಳವೆಯನ್ನು ಕೆಳಗಿಟ್ಟರು. "ಆ ರೈಟರ್ ಸತ್ತಿದ್ದಕ್ಕೆ ಯಾರನ್ನೋ ಹಿಡಿದಿದ್ದೀರಿ ಅಂದ್ರು."

"ಮಾರಯ್ಯ ಅಂತ ಒಬ್ಬ ಆಳು."

"ಅವನಿಗೆ ಏನಾಗುತ್ತೆ?"

"ಹಂದಿಕೋವಿ ಕಟ್ಟೋನು. ರೈಟರ್ ಹತ್ರ ಹೊಡೆಸಿಕೊಂಡವನು. ಮನೇಲಿ ತಂತಿ ಸಿಕ್ಕಿದೆ. ಕೋರ್ಟಿಗೆ ಅಷ್ಟು ಸಾಕು. ನೇಣೂ ಆಗಬಹುದು."

"ಮಕ್ಕಳಿದ್ದಾವಾ?"

"ಮೂರು."

ಬಸವರಾಜಪ್ಪ ಸ್ಟೂಲಿನ ಮೇಲೆ ಕುಳಿತರು. ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಮೂರಿಂಚಿನದು," ಎಂದರು. "ಸಣ್ಣ ಕೈಗೆ ಸರಿಹೋಗೋ ಅಂಥದ್ದು ಅಂತ ನಾಲ್ಕು ಹರಾಜು ಸುತ್ತಿ ಹುಡುಕಿದ್ದೆ. ದವಡೆ ಮೂಲೇಲಿ ಮೂರು ಹಲ್ಲು ಹೋಗಿತ್ತು. ಹಲ್ಲು ಹೋದ್ರೂ ಹಿಡಿತ ಬಿಡಲ್ಲ, ತಗೋ ಮಗಾ ಅಂತ ಕೊಟ್ಟೆ." ಸ್ವಲ್ಪ ತಡೆದು ಹೇಳಿದರು. "ನನ್ನ ಮಗಳಿಗೆ ಸ್ವಾಮಿ. ಭಾಗಮ್ಮಂಗೆ."

* * *

ಮೂಡಿಗೆರೆಯವರೆಗೆ, ಪೆಟ್ರೋಲ್ ಬರದಿಂದ ಇದ್ದಿಲು ಗ್ಯಾಸಿಗೆ ಓಡುತ್ತಿದ್ದ ಬಸ್ಸಿನಲ್ಲಿ ಹೋದರು. ಏರು ಬಂದಾಗಲೆಲ್ಲ ಬಸ್ಸು ನಿಲ್ಲುತ್ತಿತ್ತು, ಜನ ಇಳಿದು ನಡೆಯುತ್ತಿದ್ದರು. ನಡೆಯುವಾಗ ಬಸವರಾಜಪ್ಪ ಅಳಿಯನ ಕಥೆ ಹೇಳಿದರು.

ಅಳಿಯ ಗಂಗಾಧರಯ್ಯ ಅದೇ ಎಸ್ಟೇಟಿನಲ್ಲಿ ಚೌಡಯ್ಯನಿಗಿಂತ ಮುಂಚೆ ಫಿಟ್ಟರ್ ಆಗಿದ್ದ. ಹೋದ ವರ್ಷ ಇದೇ ಕೊಯ್ಲಿನಲ್ಲಿ ಚಳಿಜ್ವರ ಏರಿ ಮಾತು ತೊದಲತೊಡಗಿತು. ಭಾಗಮ್ಮ ಆಸ್ಪತ್ರೆಗೆ ಒಯ್ಯಲು ಗಾಡಿ ಕೇಳಿದಳು. ಪಾರ್ಚ್‌ಮೆಂಟ್ ಹೇರಿ ಆಗಿದೆ, ಇಳಿಸಿ ಬಂದ ಮೇಲೆ ನೋಡೋಣ ಎಂದ ಏಕಾಂತಪ್ಪ. ಗಾಡಿ ಹಿಂದಿರುಗಿದ್ದು ಇಳಿಹೊತ್ತಿನಲ್ಲಿ. ಗಂಗಾಧರಯ್ಯ ದಾರಿಯಲ್ಲೇ ತೀರಿಕೊಂಡ.

"ನನ್ನ ಮನೆಗೆ ಬಾ ಅಂದೆ. ಬರಲಿಲ್ಲ. ಗಂಡನ ಕೆಲಸ ನಾನೇ ಮಾಡ್ತೀನಿ ಅಂದ್ಲು. ಚಿಕ್ಕೋಳಿದ್ದಾಗಿಂದ ನನ್ನ ಬೆಂಚಿನ ಹತ್ರಾನೇ ಬೆಳೆದೋಳು. ಕಲಿಸಿದ್ದು ನಾನೇ."

* * *

ಪೇಟೆಯ ಕೊನೆಯಲ್ಲಿ ಒಂದು ಕೋಣೆ. ಬಾಗಿಲಲ್ಲಿ ರಿಪೇರಿಗೆ ಬಂದ ಬೀಗಗಳು, ಲಾಟೀನುಗಳು. ಕಿಟಕಿಯ ಕೆಳಗಿನ ಹಲಗೆಯಲ್ಲಿ ಆ ಸಣ್ಣ ವೈಸ್. ಭಾಗಮ್ಮ ಒಂದು ಕೀಲಿಯನ್ನು ಅರದಿಂದ ಉಜ್ಜುತ್ತಿದ್ದಳು. ಅಪ್ಪನನ್ನು ನೋಡಿದಳು. ಹಿಂದೆ ನಿಂತಿದ್ದ ಖಾಕಿಯನ್ನು ನೋಡಿದಳು. ಅರವನ್ನು ಕೆಳಗಿಟ್ಟಳು.

ಓಂಕಾರಮೂರ್ತಿ ಸೀಸದ ತುಂಡನ್ನು ದವಡೆಯಲ್ಲಿಟ್ಟು ಹಿಡಿ ತಿರುಗಿಸಿದರು. ತೆಗೆದು ಕೊಳವೆಯ ಪಕ್ಕ ಹಿಡಿದರು. ಎರಡು ಸಾಲುಗಳೂ ಒಂದೇ. ಕೊನೆಯ ಮೂರು ಹಲ್ಲು ಎರಡರಲ್ಲೂ ಇರಲಿಲ್ಲ.

"ನೋಡಮ್ಮ," ಎಂದರು. "ತಂತಿ ಸೊಂಟದೆತ್ತರಕ್ಕಿತ್ತು, ಹಂದಿಗಲ್ಲ, ಮನುಷ್ಯನಿಗೆ. ನಸುಕಿನಲ್ಲಿ ಆ ದಾರೀಲಿ ಬರೋನು ಏಕಾಂತಪ್ಪ ಒಬ್ಬನೇ ಅಂತ ತಿಳಿದಿರಬೇಕಾದ್ರೆ ಎಸ್ಟೇಟಲ್ಲಿ ಇದ್ದವರೇ ಆಗಬೇಕು. ಕೋವಿ ಫಿಟ್ಟರ್ ಕೈಯಿಂದ ಆದದ್ದು. ಈ ಕಚ್ಚು ಈ ವೈಸಿಂದು."

"ಐದು ವರ್ಷ ಅಲ್ಲಿದ್ದೆ," ಎಂದಳು ಭಾಗಮ್ಮ. "ಅವ್ರು ಕಣಕ್ಕೆ ಹೋಗೋ ಹೊತ್ತು ನಂಗೆ ಗೊತ್ತಿತ್ತು. ಕೋವಿ ಮಾಡಿದ್ದೂ ನಾನೇ, ಕಟ್ಟಿದ್ದೂ ನಾನೇ."

ಬಸವರಾಜಪ್ಪ ಬಾಗಿಲಿಗೆ ಒರಗಿದರು. ತಮಗೆ ಗೊತ್ತಿದ್ದದ್ದನ್ನೇ ಕೇಳಿದರು.

"ದವಡೆಗೆ ತಾಮ್ರದ ತಗಡು ಇಟ್ಟು ಹಿಡೀಬೇಕು ಅಂತ ಹೇಳಿಕೊಟ್ಟಿದ್ನಲ್ಲ ಮಗಾ. ಗುರುತೇ ಬೀಳ್ತಿರಲಿಲ್ಲ."

"ತಗಡು ಇಟ್ರೆ ಬೋಲ್ಟ್ ಬಿಗಿಯೋವಾಗ ಕೊಳವೆ ತಿರುಗ್ತಿತ್ತಪ್ಪ."

"ಹೌದು," ಎಂದರು ಬಸವರಾಜಪ್ಪ. "ತಿರುಗುತ್ತೆ."

ಭಾಗಮ್ಮ ಓಂಕಾರಮೂರ್ತಿಯ ಕಡೆ ತಿರುಗಿದಳು. "ಯಾರದ್ದೋ ಹಂದಿಕೋವಿ ಅಂತ ಸುಮ್ಮನಾಗ್ತೀರಿ ಅಂದ್ಕೊಂಡಿದ್ದೆ. ಮಾರಯ್ಯನ್ನ ಹಿಡಿದ್ರು ಅಂತ ನಿನ್ನೆ ಕೇಳಿದೆ. ಎರಡು ಸಲ ಠಾಣೆ ಬಾಗಿಲ ತನಕ ಬಂದು ವಾಪಸ್ ಹೋದೆ. ಧೈರ್ಯ ಆಗಲಿಲ್ಲ. ಅವನನ್ನ ಬಿಡ್ತೀರಲ್ಲ?"

"ಇವತ್ತೇ ಬಿಡ್ತೀವಿ."

ಅವಳು ಕೈ ತೊಳೆದುಕೊಂಡಳು. "ಅಪ್ಪ, ಊಟ ಆಯ್ತಾ?"

"ಇಲ್ಲ."

ಅವಳು ಓಂಕಾರಮೂರ್ತಿಯನ್ನು ನೋಡಿದಳು. ಅವರು ಹೊರಗೆ ಹೋಗಿ, ಬೀಗಗಳ ಪಕ್ಕ ಮೆಟ್ಟಿಲ ಮೇಲೆ ಕುಳಿತರು. ಒಳಗೆ ತಟ್ಟೆಯ ಸದ್ದಾಯಿತು. ಅರ್ಧ ಗಂಟೆಯ ಮೇಲೆ ಅವಳೇ ಸೆರಗು ಹೊದ್ದುಕೊಂಡು ಹೊರಬಂದಳು.

* * *

ಆ ಸಂಜೆ ಮಾರಯ್ಯ ಬಿಡುಗಡೆಯಾದ. ಯಾರು ಮಾಡಿದ್ದೆಂದು ಕೇಳಿ ತಿಳಿದುಕೊಂಡ. "ಗಾಡಿ ಹೇರು ಇಳಿಸಿ ಅವ್ರಿಗೆ ಕೊಡಿ ಅಂತ ಅವತ್ತು ನಾವಾದ್ರೂ ಹೇಳಬೇಕಿತ್ತು," ಎಂದು ಎಸ್ಟೇಟಿನ ಕಡೆ ನಡೆದ.

ಸೆಷನ್ಸ್ ಕೋರ್ಟಿನಲ್ಲಿ ಭಾಗಮ್ಮ ಒಂದನ್ನೂ ಅಲ್ಲಗಳೆಯಲಿಲ್ಲ. ನೇಣು ತಪ್ಪಿತು. ಜೀವಾವಧಿ ಆಯಿತು.

ತೀರ್ಪಿನ ದಿನ ಕೋರ್ಟಿನ ಜಗಲಿಯಲ್ಲಿ ಬಸವರಾಜಪ್ಪ ಓಂಕಾರಮೂರ್ತಿಗಾಗಿ ಕಾಯುತ್ತಿದ್ದರು. ಆರೇ ತಿಂಗಳಲ್ಲಿ ಬಹಳ ಇಳಿದುಹೋಗಿದ್ದರು.

"ಒಂದು ಮಾತು ಕೇಳಲಾ ಸ್ವಾಮಿ? ಅವತ್ತು ನಾನು ಬಾಯಿ ಬಿಡದಿದ್ರೂ ನಿಮಗೆ ಗೊತ್ತಾಗ್ತಿತ್ತಾ?"

ಓಂಕಾರಮೂರ್ತಿ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಗೊತ್ತಾಗ್ತಿತ್ತು," ಎಂದರು. "ಎರಡು ದಿನ ತಡ ಆಗ್ತಿತ್ತು, ಅಷ್ಟೆ."

ಬಸವರಾಜಪ್ಪ ಅವರ ಮುಖವನ್ನೇ ನೋಡಿದರು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

"ಹಾಗಾದ್ರೆ ಸರಿ," ಎಂದು ಬಸವರಾಜಪ್ಪ ಕೈಮುಗಿದು, ಬಸ್ಸು ನಿಲ್ಲುವ ಕಡೆಗೆ ಮೆಟ್ಟಿಲಿಳಿದರು.