ಕುಲುಮೆಯ ಬಾಗಿಲು ತೆಗೆಯದ ಅಕ್ಕ

ಬಹಳ ಹಿಂದೆ, ಏಳು ಹೊಳೆಗಳ ಆಚೆಯ ಹೊಳಪೂರು ಎಂಬ ರಾಜ್ಯದಲ್ಲಿ ಗಾಜಿನ ಕೆಲಸದ ಅಕ್ಕತಂಗಿಯರಿದ್ದರು. ಅಕ್ಕ ಸಾಕಮ್ಮ, ತಂಗಿ ಚೆಲುವಿ. ಬಣ್ಣಬಣ್ಣದ ಗಾಜಿನ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಕುಲುಮೆಯೊಳಗೆ ಕರಗಿಸಿ, ಕಬ್ಬಿಣದ ಕೊಕ್ಕೆಯಿಂದ ತಲೆ ಬಾಚಿದ ಹಾಗೆ ಎಳೆಯುತ್ತಿದ್ದರು. ಪಟ್ಟಿಗಳು ಅಲೆಗಳಾಗುತ್ತಿದ್ದವು.

ತೀರಿಹೋದ ಅವ್ವ ಕಲಿಸಿದ ಕಟ್ಟಳೆ ಒಂದೇ. ಕುಲುಮೆಯ ಬಾಗಿಲು ತೆಗೆ, ಮೂರು ಸಲ ಎಳೆ, ಮುಚ್ಚು. ಗಾಜು ಮತ್ತೆ ಕೆಂಪಗಾಗುವವರೆಗೆ ಬೀಸುಕಲ್ಲಿನ ಒಂದು ಪದ ಪೂರ್ತಿ ಹಾಡು. ಎಲ್ಲ ಮುಗಿದ ಮೇಲೆ ಬಾಗಿಲ ಸಂದಿಗೆ ಬೂದಿ ಮೆತ್ತಿ ಮೂರು ದಿನ ಮುಟ್ಟಬೇಡ.

ಆದರೆ ಚೆಲುವಿಗೆ ತಾಳ್ಮೆ ಎಲ್ಲಿಂದ ಬರಬೇಕು? ಅನ್ನ ಬೇಯುವ ಮೊದಲೇ ಹತ್ತು ಸಲ ಮುಚ್ಚಳ ತೆಗೆಯುವ ಹುಡುಗಿ ಅವಳು. ಹಿಮಗಿರಿಯ ಮಾಂತ್ರಿಕ ಶಿಶಿರಕೇತುವಿನ ಅರಮನೆಗೆಂದು ಮಾಡಿದ ಕಿಟಕಿಯನ್ನು ಎರಡನೆಯ ದಿನವೇ ಬಾಗಿಲು ತೆಗೆದು ನೋಡಿದಳು. ಕಿಟಕಿ ಸೀಳಿತು.

ಶಿಶಿರಕೇತು ಬಂದ. ಅವನ ಮೈಯೆಲ್ಲ ತಣ್ಣನೆಯ ಗಾಜು. ಅವನು ಒಮ್ಮೆ ಉಸಿರು ಬಿಟ್ಟದ್ದೇ ತಡ, ಚೆಲುವಿ ಪಟ್ಟಿಪಟ್ಟಿಯ ಗಾಜಿನ ಹಲಗೆಯಾದಳು. ಕೂದಲಿನ ಕಪ್ಪು, ಸೀರೆಯ ಕೆಂಪು, ಬಳೆಯ ಹಸಿರು ಬೇರೆಬೇರೆಯಾಗಿ ನಿಂತವು.

"ಇವಳನ್ನೇ ಕರಗಿಸಿ ಅಲೆ ಮೂಡಿಸು. ಮೂರು ಸುತ್ತು ಎಳೆಯಬೇಕು. ಒಡೆಯದೆ ಬಂದರೆ ತಂಗಿ ಎದ್ದು ಬರ್ತಾಳೆ. ಒಡೆದರೆ ಚೂರು ಆರಿಸಿಕೋ" ಎಂದ.

ಸಾಕಮ್ಮ ಆ ಹಲಗೆಯನ್ನು ಎತ್ತಿ ಕುಲುಮೆಯೊಳಗೆ ಇಟ್ಟಳು. ಬೆಂಕಿ ಹೊತ್ತಿಸಿದಳು.

ಮೊದಲ ಸುತ್ತು. ಬಾಗಿಲು ತೆಗೆದಳು. ಒಂದು ಸಲ ಎಳೆದಳು, ಎರಡು ಸಲ ಎಳೆದಳು. ಅಷ್ಟರಲ್ಲಿ ಮಂಜಿನ ನರಿಯೊಂದು ಬಾಗಿಲಿಗೆ ಮೂತಿ ತೂರಿಸಿ ಉಫ್ ಎಂದು ಊದಿತು. ಗಾಜಿನ ಕೆಂಪು ಮಂಕಾಯಿತು, ಕೊಕ್ಕೆ ಅಂಟತೊಡಗಿತು. ಜೋರಾಗಿ ಎಳೆದರೆ ಗಾಜು ತುಂಡಾಗುತ್ತದೆ, ಬಿಟ್ಟರೆ ಗಟ್ಟಿಯಾಗುತ್ತದೆ! ಮೂರನೆಯದನ್ನು ಮೆಲ್ಲಗೆ ಎಳೆದು ಬಾಗಿಲು ಬಡಿದಳು. ಸಿಕ್ಕಿಕೊಂಡ ನರಿ ನೀರಾಗಿ ನೆಲದಲ್ಲಿ ಹರಿಯಿತು. ಹಾಡಲು ಕೂತರೆ ಗಾಬರಿಗೆ ಪದ ಬೇಗಬೇಗ ಓಡುತ್ತಿತ್ತು. ಅರ್ಧಕ್ಕೆ ನಿಲ್ಲಿಸಿ ಮೊದಲಿಂದ ನಿಧಾನವಾಗಿ ಹಾಡಿದಳು.

ಎರಡನೆಯ ಸುತ್ತು. ಮೂರು ಸಲ ಎಳೆದು ಮುಚ್ಚಲು ಹೋದಾಗ ಪಕ್ಕದಲ್ಲಿ ಅವ್ವನ ತಂಗಿ, ಅವರ ಚಿಕ್ಕಮ್ಮ, ನಿಂತಿದ್ದಳು.

"ಒಂದು ಗಳಿಗೆ ಬಾಗಿಲು ನಾನು ಹಿಡ್ಕೋತೀನಿ ಕಣೇ. ಚೆಲುವಿಯ ಮುಖ ಮೂಡಿದೆಯಾ ನೋಡೋಣ. ನಿನಗೆ ನೋಡೋ ಆಸೆಯಿಲ್ವಾ?"

ಆಸೆ ಇಲ್ಲದೆ ಇರುತ್ತದೆಯೇ! ಸಾಕಮ್ಮನ ಕೈ ಬಾಗಿಲ ಮೇಲೇ ನಿಂತಿತು. ಆಮೇಲೆ ಚಿಕ್ಕಮ್ಮನ ಹಣೆ ನೋಡಿದಳು. ಕುಲುಮೆಯೆದುರು ನಿಂತಿದ್ದರೂ ಒಂದು ಹನಿ ಬೆವರಿಲ್ಲ.

"ಬೆವರದ ಚಿಕ್ಕಮ್ಮ ನನಗೆ ಯಾರೂ ಇಲ್ಲ" ಎಂದು ಬಾಗಿಲು ಮುಚ್ಚಿ, ಕಾದ ಕೊಕ್ಕೆ ತೋರಿಸಿದಳು. ಚಿಕ್ಕಮ್ಮ ಹೊಗೆಯಾಗಿ ಹೋದಳು. ಸಾಕಮ್ಮ ಪದ ಪೂರ್ತಿ ಹಾಡಿದಳು.

ಮೂರನೆಯ ಸುತ್ತು. ಒಂದು ಎಳೆದಳು. ಎರಡು ಎಳೆದಳು. ಮೂರನೆಯದಕ್ಕೆ ಕೊಕ್ಕೆ ಊರಿದಾಗ ಗಾಜಿನೊಳಗಿಂದ ದನಿ ಬಂತು.

"ಅಕ್ಕಾ, ಸುಡ್ತಿದೆ ಕಣಕ್ಕಾ. ಬಾಗಿಲು ಮುಚ್ಚಬೇಡ!"

ಇದು ಮಾಯೆಯಲ್ಲ, ಚೆಲುವಿಯದೇ ದನಿ. ಸಾಕಮ್ಮನ ಕೈ ನಡುಗಿ ಮೂರನೆಯ ಗೀರು ಸೊಟ್ಟಗಾಯಿತು. ತೆರೆದಿಟ್ಟರೆ ಒಂದು ಗಳಿಗೆ ತಂಪು, ಆಮೇಲೆ ಚೂರು. ತಂಗಿ ಕೂಗುತ್ತಿರುವಾಗಲೇ ಅವಳು ಬಾಗಿಲು ಮುಚ್ಚಿದಳು. ಅತ್ತುಕೊಂಡೇ ಪದ ಹಾಡಿದಳು.

ಪದ ಮುಗಿಯುವುದಕ್ಕೂ ಶಿಶಿರಕೇತು ಬರುವುದಕ್ಕೂ ಸರಿಹೋಯಿತು. ನರಿ, ಚಿಕ್ಕಮ್ಮ ಎಂಬ ತನ್ನ ಎರಡೂ ಉಪಾಯ ಕೆಟ್ಟಿದ್ದಕ್ಕೆ ಉರಿದುಹೋಗಿದ್ದ. "ತೆಗಿ, ನೋಡ್ತೀನಿ!"

"ಬೇಡಿ ಸ್ವಾಮಿ. ತಣ್ಣಗಿರೋ ಗಾಜಿಗೆ ಒಮ್ಮೆಲೇ ಕಾವು ತಾಗಿದರೆ ಸೀಳುತ್ತೆ."

"ನನಗೇ ಪಾಠ ಹೇಳ್ತೀಯಾ?" ಎಂದು ಅವಳನ್ನು ತಳ್ಳಿ ತಾನೇ ಬಾಗಿಲು ಎಳೆದ. ಕಾವು ಎದೆಗೆ ಬಡಿಯಿತು. ಮೂಗಿನ ತುದಿಯಿಂದ ಅಂಗಾಲಿನವರೆಗೆ ಟಣ್ಣೆಂದು ಸೀಳಿ, ರಾಶಿ ಚೂರಾಗಿ ಬಿದ್ದ. ಸಾಕಮ್ಮ ಅವನ ಕಡೆ ತಿರುಗಿಯೂ ನೋಡದೆ ಹೆಗಲು ಕೊಟ್ಟು ಬಾಗಿಲು ಮುಚ್ಚಿ, ಸಂದಿಗೆ ಬೂದಿ ಮೆತ್ತಿದಳು.

ಇನ್ನು ಮೂರು ದಿನ. ಒಳಗಿಂದ ಸದ್ದಿಲ್ಲ. ಕೂಗಿಗಿಂತ ಈ ಮೌನವೇ ಅವಳನ್ನು ಹೆಚ್ಚು ಹೆದರಿಸಿತು. ಊಟ ಸೇರಲಿಲ್ಲ. ನೂರು ಸಲ ಕೈ ಬಾಗಿಲಿಗೆ ಹೋಯಿತು, ನೂರು ಸಲ ಹಿಂದಕ್ಕೆ ಬಂತು. ಬಾಗಿಲು ತೆಗೆದದ್ದಕ್ಕೆ ತಂಗಿಯನ್ನು ಎಷ್ಟು ಬೈದಿದ್ದೆ ಎಂದು ನೆನೆದು ಸಂಕಟಪಟ್ಟಳು.

ನಾಲ್ಕನೆಯ ದಿನ ಬೆಳಿಗ್ಗೆ ತೆಗೆದಾಗ ಚೆಲುವಿ ಬೂದಿಯ ನಡುವೆ ಕಣ್ಣುಜ್ಜಿಕೊಳ್ಳುತ್ತಾ ಕೂತಿದ್ದಳು.

"ಅಷ್ಟು ಕೂಗಿದೆನಲ್ಲ ಅಕ್ಕಾ. ನಿನಗೆ ಕೇಳಿಸಲಿಲ್ವಾ?"

"ಒಂದೊಂದು ಮಾತೂ ಕೇಳಿಸ್ತು ಕಣೇ" ಎಂದು ಸಾಕಮ್ಮ ತಬ್ಬಿಕೊಂಡಳು.

ಚೆಲುವಿಗೂ ಮೊದಲು ಶಿಶಿರಕೇತುವಿನ ಉಸಿರು ತಾಗಿ ಗಾಜಾಗಿದ್ದವರೆಲ್ಲ ಅಂದೇ ಎದ್ದು ಮನೆಗೆ ಹೋದರು. ಹೊಳಪೂರಿನ ಒಲೆಗಳೆಲ್ಲ ಬೆಚ್ಚಗೆ ಉರಿದವು, ಅಕ್ಕತಂಗಿ ಸುಖವಾಗಿ ಬಾಳಿದರು. ಚೆಲುವಿಯ ಕೂದಲೆಲ್ಲ ನುಣುಪಾದ ಅಲೆ, ಒಂದು ಎಳೆ ಮಾತ್ರ ಸೊಟ್ಟ. ಅದು ಯಾವ ಬಾಚಣಿಗೆಗೂ ಬಗ್ಗಲಿಲ್ಲ. ದಿನಾ ತಲೆ ಬಾಚುವಾಗ ಸಾಕಮ್ಮ ಅಲ್ಲಿಗೆ ಬಂದಾಗ ಕೈ ನಿಲ್ಲಿಸುತ್ತಿದ್ದಳು.

"ಅದು ಹಾಗೇ ಇರಲಿ ಬಿಡಕ್ಕಾ" ಎನ್ನುತ್ತಿದ್ದಳು ಚೆಲುವಿ. "ನೀನು ಕೇಳಿಸಿಕೊಂಡ ಗುರುತು ಅದು."